ಬೆಳಗಿನ ಮೊದಲ ಸ್ಟಾರ್ಟ್: ಎಂಜಿನ್ ಇಳಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟದಲ್ಲಿದೆ. 2003ರ ಮಾಡೆಲ್‌ನ ಟೊಯೋಟಾ ಕ್ವಾಲಿಸ್ ಇಟ್ಟುಕೊಂಡಿದ್ದೇವೆ, ಮೀಟರ್ 3.6 ಲಕ್ಷ ಕಿಲೋಮೀಟರ್ ದಾಟಿದೆ. ಎರಡು ಚಳಿಗಾಲದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡುವುದೇ ಕಷ್ಟವಾಗಿದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ. ಆದರೆ ನಾಲ್ಕೈದು ಸಲ ಹೊಡೆದ ಮೇಲಷ್ಟೇ ಬಿಳಿ ಹೊಗೆ ಬಿಡುತ್ತಾ ಎಂಜಿನ್ ಹಿಡಿದುಕೊಳ್ಳುತ್ತದೆ, ಒಂದು ನಿಮಿಷ ನಡುಗಿ ಸರಿಹೋಗುತ್ತದೆ. ಒಮ್ಮೆ ಬಿಸಿಯಾದರೆ ದಿನವಿಡೀ ತೊಂದರೆಯಿಲ್ಲ. ಚಾರ್ಮಾಡಿ ಘಾಟಿಯನ್ನು ಮೊದಲಿನಂತೆಯೇ ಹತ್ತುತ್ತದೆ, ಆಯಿಲ್ ಕೂಡ ಹೆಚ್ಚು ಕುಡಿಯುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಒಬ್ಬ ಮೆಕ್ಯಾನಿಕ್ ಬೋರ್ (ಸಿಲಿಂಡರಿನ ಒಳಗೋಡೆ) ಸವೆದುಹೋಗಿದೆ, ಎಂಜಿನ್ ಇಳಿಸಬೇಕು, ಒಂದು ಲಕ್ಷಕ್ಕೂ ಮೇಲೆ ಖರ್ಚಾಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಡೀಸೆಲ್ ಪಂಪ್ ಬಿಚ್ಚಬೇಕೆನ್ನುತ್ತಾರೆ. ಪರಿಚಿತರೊಬ್ಬರು ಡೀಸೆಲ್‌ಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿ, ಏರ್ ಫಿಲ್ಟರ್ ಬಳಿ ಪೆಟ್ರೋಲ್ ಬಟ್ಟೆ ಹಿಡಿಯಿರಿ ಎಂದರು. ಏನು ಮಾಡಲಿ? ಗಾಡಿ ಮಾರಿಬಿಡುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಆತಂಕ ಇಷ್ಟು: ಈ ಎಂಜಿನ್‌ನ ಆಯುಸ್ಸು ಮುಗಿಯಿತೇ, ಅಥವಾ ಸಣ್ಣ ಭಾಗವೊಂದು ಕೆಟ್ಟು ಇಡೀ ಎಂಜಿನ್ ಕೆಟ್ಟಂತೆ ತೋರುತ್ತಿದೆಯೇ? ನೀವು ಕೊಟ್ಟಿರುವ ವಿವರಗಳನ್ನು ಓದಿದರೆ ಎರಡನೆಯದರ ಸಾಧ್ಯತೆಯೇ ಹೆಚ್ಚೆಂದು ನನಗನಿಸುತ್ತದೆ. ಅದಕ್ಕೆ ಕಾರಣಗಳಿವೆ, ಅನುಮಾನಕ್ಕೆ ಜಾಗವೂ ಇದೆ. ಎರಡನ್ನೂ ಹೇಳುತ್ತೇನೆ.

2000ರಿಂದ 2005ರ ಆರಂಭದವರೆಗೆ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಕ್ವಾಲಿಸ್‌ನ 2,446 ಸಿಸಿ ಡೀಸೆಲ್ ಎಂಜಿನ್ ಹಳೆಯ ವಿನ್ಯಾಸದ್ದು. ಅದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಸಿಂಪಡಿಸಲ್ಪಡುವುದಿಲ್ಲ. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್‌ನಲ್ಲಿರುವ ಪುಟ್ಟ ಗೂಡಿನೊಳಗೆ ಬಿದ್ದು, ಅಲ್ಲಿ ಹೊತ್ತಿಕೊಂಡು, ಆಮೇಲೆ ಸಿಲಿಂಡರಿಗೆ ಹರಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ ಪಂಪನ್ನು ಜೋರಾಗಿ ಒತ್ತಿದಾಗ ಅದರ ಬುಡ ಬಿಸಿಯಾಗುವಂತೆ, ಇಲ್ಲಿ ಗಾಳಿಯನ್ನು ಸುಮಾರು ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಬೇಕು. ಎಂಜಿನ್ ತಣ್ಣಗಿದ್ದಾಗ ಆ ಬಿಸಿಯ ಬಹುಭಾಗವನ್ನು ಗೂಡಿನ ಲೋಹದ ಗೋಡೆಗಳೇ ಹೀರಿಕೊಳ್ಳುತ್ತವೆ. ಈ ನಷ್ಟವನ್ನು ತುಂಬಿಕೊಡಲೆಂದೇ ಪ್ರತಿ ಗೂಡಿನಲ್ಲೂ ಒಂದೊಂದರಂತೆ ನಾಲ್ಕು ಗ್ಲೋ ಪ್ಲಗ್‌ಗಳಿವೆ, ನಮ್ಮ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್ ಎನ್ನುವುದು ಇವನ್ನೇ. ಹಳೆಯ ಬೊಲೆರೊ ಡಿಐನಂತಹ, ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳುವ ಎಂಜಿನ್‌ಗಳು ನಮ್ಮ ಮಟ್ಟಿನ ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆಯೂ ಸ್ಟಾರ್ಟ್ ಆಗುತ್ತವೆ. ಕ್ವಾಲಿಸ್ ಹಾಗಲ್ಲ. ಆದ್ದರಿಂದ ‘ನಮ್ಮ ಜೀಪಿಗೆ ಹೀಟರೇ ಇಲ್ಲ, ಆದರೂ ಸ್ಟಾರ್ಟ್ ಆಗುತ್ತದೆ’ ಎಂಬ ಹೋಲಿಕೆಯನ್ನು ಕೇಳಿ ಮೋಸಹೋಗಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಬಿಳಿ ಹೊಗೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿಲ್ಲವೆಂದು ಅರ್ಥ. ಆಗ ಹುಡುಕಬೇಕಾದದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ. ಕಣ್ಣು ಉರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಆಗ ಕೊರತೆ ಇರುವುದು ಬಿಸಿಯಲ್ಲಿ, ಕಂಪ್ರೆಷನ್‌ನಲ್ಲಿ (ಗಾಳಿಯನ್ನು ಅದುಮುವ ಒತ್ತಡದಲ್ಲಿ), ಅಥವಾ ಡೀಸೆಲ್ ಬೀಳುವ ಹೊತ್ತಿನಲ್ಲಿ. ಆದ್ದರಿಂದ ನಾಳೆ ಬೆಳಿಗ್ಗೆ ಇನ್ನೊಬ್ಬರನ್ನು ಸೈಲೆನ್ಸರಿನ ಬಳಿ ನಿಲ್ಲಿಸಿ, ಮೊದಲ ಸೆಲ್ಫ್‌ಗೇ ಹೊಗೆ ಬರುತ್ತದೆಯೇ ಅಥವಾ ಮೂರನೆಯ ನಾಲ್ಕನೆಯದಕ್ಕೆ ಮಾತ್ರವೇ ಎಂದು ನೋಡಿಸಿ. ಈ ಒಂದು ವಿವರ ನಿಮ್ಮ ಪತ್ರದಲ್ಲಿಲ್ಲ, ಮತ್ತು ಮುಂದಿನ ದಾರಿ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಖರ್ಚಿಲ್ಲದ ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಕೆಲಸವಿಲ್ಲದ ಒಂದು ದಿನ ಗಾಡಿಯನ್ನು ಬೆಳಿಗ್ಗೆ ಮುಟ್ಟದೆ ಹಾಗೆಯೇ ಬಿಟ್ಟು, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ಬಿಸಿಲಿನಲ್ಲಿ ಬಾನೆಟ್ ಕಾದ ಮೇಲೆ ಸ್ಟಾರ್ಟ್ ಮಾಡಿ. ನಿಂತಿರುವ ಅವಧಿ ಇಲ್ಲಿ ಹೆಚ್ಚಾಗಿದೆ, ಚಳಿ ಮಾತ್ರ ಹೋಗಿದೆ. ಸುಲಭವಾಗಿ ಸ್ಟಾರ್ಟ್ ಆದರೆ ತೊಂದರೆ ಉಷ್ಣಕ್ಕೆ ಸಂಬಂಧಿಸಿದ್ದು: ಹೀಟರ್ ಪ್ಲಗ್, ಇಲ್ಲವೇ ಕಂಪ್ರೆಷನ್. ಆಗಲೂ ಬೆಳಗಿನಷ್ಟೇ ಕಾಡಿದರೆ ತೊಂದರೆ ನಿಂತಿದ್ದಕ್ಕೆ ಸಂಬಂಧಿಸಿದ್ದು: ರಾತ್ರಿಯಿಡೀ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ, ಅದರ ಜಾಗವನ್ನು ಗಾಳಿ ಹಿಡಿದಿದೆ. ‘ಬಿಸಿಯಾದ ಮೇಲೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ’ ಎಂಬ ಅಂಶ ಈ ಎರಡನ್ನೂ ಬೇರ್ಪಡಿಸುವುದಿಲ್ಲ, ಏಕೆಂದರೆ ಎರಡರಲ್ಲೂ ಹಾಗೆಯೇ ಆಗುತ್ತದೆ.

ಆದರೆ ಅದೇ ಅಂಶ ಇನ್ನೊಂದು ಮಾತನ್ನು ಹೇಳುತ್ತದೆ, ಮತ್ತು ಅದು ಪಂಪ್ ಬಿಚ್ಚಬೇಕೆಂದ ಮೆಕ್ಯಾನಿಕ್‌ಗೆ ಉತ್ತರ. ಈ ಎಂಜಿನ್ನಿನ ರೋಟರಿ ಪಂಪ್ ಒಳಗೆ ಸವೆದಾಗ ಸಾಮಾನ್ಯವಾಗಿ ಕಾಡುವುದು ಬಿಸಿ ಎಂಜಿನ್ನಿನಲ್ಲಿ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ಸೆಲ್ಫ್‌ನ ನಿಧಾನ ವೇಗದಲ್ಲಿ ಸವೆದ ಸಂದುಗಳಿಂದ ಒಳಗೇ ಸೋರಿಹೋಗುತ್ತದೆ, ಡೀಸೆಲ್ ಸಿಂಪಡಿಸುವ ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಅಂಥ ಗಾಡಿ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಊಟಕ್ಕೆ ನಿಲ್ಲಿಸಿ ಹೊರಡುವಾಗ ಕೈಕೊಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ನಿಮ್ಮ ಗಾಡಿಯ ಲಕ್ಷಣ ಇದಕ್ಕೆ ತದ್ವಿರುದ್ಧ. ಆದ್ದರಿಂದ ಪಂಪನ್ನು ಈಗ ಬಿಚ್ಚಿಸಬೇಡಿ. ಒಮ್ಮೆ ಬಿಚ್ಚಿದರೆ ಸೀಲುಗಳನ್ನು ಬದಲಿಸಿ, ಯಂತ್ರದ ಮೇಲೆ ಕ್ಯಾಲಿಬ್ರೇಷನ್ ಮಾಡಿ, ಮತ್ತೆ ಟೈಮಿಂಗ್ (ಡೀಸೆಲ್ ಬೀಳುವ ಹೊತ್ತು) ಕೂಡಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಇಲ್ಲದ ರೋಗವೊಂದು ಹೊಸದಾಗಿ ಅಂಟಿಕೊಳ್ಳುತ್ತದೆ.

ಈಗ ಹೀಟರ್ ಪ್ಲಗ್‌ಗಳಿಗೆ ಬರೋಣ. ಸ್ಟಾರ್ಟ್ ಆದ ಮೇಲೆ ಒಂದು ನಿಮಿಷ ಹೊಗೆಯೊಂದಿಗೆ ನಡುಗಿ ಆಮೇಲೆ ಸಮನಾಗುವುದೆಂದರೆ, ಒಂದೋ ಎರಡೋ ಸಿಲಿಂಡರುಗಳು ತಡವಾಗಿ ಸೇರಿಕೊಳ್ಳುತ್ತಿವೆ ಎಂದು. ಎಲ್ಲ ಸಿಲಿಂಡರುಗಳೂ ಸಮನಾಗಿ ಸವೆದಿದ್ದರೆ ನಾಲ್ಕೂ ಸರಿಸುಮಾರು ಒಟ್ಟಿಗೆ ಒದ್ದಾಡುತ್ತವೆ; ಕೆಲವು ಮಾತ್ರ ಹಿಂದೆ ಬೀಳುವುದು ಹೆಚ್ಚಾಗಿ ಪ್ಲಗ್ ಸತ್ತಾಗ. ಡ್ಯಾಶ್‌ಬೋರ್ಡಿನಲ್ಲಿ ಹೀಟರಿನ ಸುರುಳಿ ದೀಪ ಹತ್ತಿ ಆರುತ್ತಿದೆಯಾದ್ದರಿಂದ ಹೀಟರ್ ಸರಿಯಿದೆ ಎಂದು ಬಹಳಷ್ಟು ಮಂದಿ ನಂಬಿದ್ದಾರೆ. ಅದು ನಿಜವಲ್ಲ. ಆ ದೀಪ ಟೈಮರಿನ ಲೆಕ್ಕದಲ್ಲಿ ಹತ್ತಿ ಆರುತ್ತದೆ. ನಾಲ್ಕು ಪ್ಲಗ್‌ಗಳೂ ಸತ್ತಿದ್ದರೂ ಅದು ಎಂದಿನಂತೆಯೇ ಹತ್ತಬಹುದು.

ಪರೀಕ್ಷೆ ಕಷ್ಟದ್ದಲ್ಲ. ನಾಲ್ಕೂ ಪ್ಲಗ್‌ಗಳ ತಲೆಗಳನ್ನು ಜೋಡಿಸುವ ಲೋಹದ ಪಟ್ಟಿಯನ್ನು ಬಿಚ್ಚಿ, ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಟೆಸ್ಟ್ ಲ್ಯಾಂಪಿನ ಮೂಲಕ ಒಂದೊಂದೇ ಪ್ಲಗ್‌ನ ತುದಿಯನ್ನು ಮುಟ್ಟಿಸಿ. ದೀಪ ಹತ್ತಿದರೆ ಪ್ಲಗ್‌ನ ಒಳತಂತಿ ಕಡಿದಿಲ್ಲ. ಹತ್ತದಿದ್ದರೆ ಅದು ಸತ್ತಿದೆ. ಆಮೇಲೆ ಪಟ್ಟಿಯನ್ನು ಮರಳಿ ಜೋಡಿಸಿ, ಎಂಜಿನ್ ತಣ್ಣಗಿರುವಾಗ ಕೀಲಿ ತಿರುಗಿಸಿ, ಆ ಪಟ್ಟಿಗೆ ನಿಜವಾಗಿಯೂ ವೋಲ್ಟೇಜ್ ಬರುತ್ತಿದೆಯೇ ಎಂದು ಮೀಟರಿನಿಂದ ನೋಡಿ. ಪ್ಲಗ್‌ಗಳು ಸರಿಯಿದ್ದು ವೋಲ್ಟೇಜ್ ಬರದಿದ್ದರೆ ರಿಲೇ, ಫ್ಯೂಸಿಬಲ್ ಲಿಂಕ್ (ಫ್ಯೂಸಿನಂತೆ ಕರಗುವ ತಂತಿ) ಅಥವಾ ವೈರಿಂಗ್ ಕಾರಣ. ಮಲೆನಾಡಿನ ತೇವದಲ್ಲಿ ಟರ್ಮಿನಲ್‌ಗಳು ಹಸಿರುಗಟ್ಟುವುದು ನಾನು ಪದೇ ಪದೇ ನೋಡುವ ದೋಷ. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಮತ್ತು ಹಳೆಯದರ ಮೇಲೆ ಅಚ್ಚಾಗಿರುವ ವೋಲ್ಟೇಜಿನದನ್ನೇ ತನ್ನಿ. ಎಲ್ಲ ಪ್ಲಗ್‌ಗಳೂ ಪೂರ್ತಿ 12 ವೋಲ್ಟಿನವಲ್ಲ. ಕಡಿಮೆ ವೋಲ್ಟಿನ ಪ್ಲಗ್‌ಗೆ ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟು, ಸ್ವಿಚ್ ಹಾಕಿ ಕಾಯಿಸುವ ‘ಸುಲಭ ಉಪಾಯ’ದಿಂದ ಅದರ ತುದಿ ಊದಿಕೊಳ್ಳುತ್ತದೆ, ಕೆಲವೊಮ್ಮೆ ಮುರಿದು ಒಳಗೇ ಬೀಳುತ್ತದೆ. ಬಹುಕಾಲ ಬಿಚ್ಚದ ಪ್ಲಗ್ ಹೆಡ್‌ನಲ್ಲಿ ಕಚ್ಚಿಕೊಂಡಿರುವುದೂ ಉಂಟು. ಎಂಜಿನ್ ಬೆಚ್ಚಗಿರುವಾಗ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, ಬಲ ಪ್ರಯೋಗಿಸದೆ ಬಿಚ್ಚುವವರ ಕೈಗೆ ಮಾತ್ರ ಈ ಕೆಲಸ ಕೊಡಿ.

ಮಧ್ಯಾಹ್ನದ ಪರೀಕ್ಷೆ ಗಾಳಿಯತ್ತ ಬೆರಳು ತೋರಿಸಿದರೆ, ಮರುದಿನ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮುನ್ನ ಡೀಸೆಲ್ ಫಿಲ್ಟರಿನ ತಲೆಯ ಮೇಲಿರುವ ಹ್ಯಾಂಡ್ ಪಂಪನ್ನು ಗಟ್ಟಿಯಾಗುವವರೆಗೂ ಒತ್ತಿ. ಹಾಗೆ ಒತ್ತಿದ ದಿನ ಮೊದಲ ಸಲಕ್ಕೇ ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು. ಇಳಿಜಾರಿನಲ್ಲಿ ಮುಂಭಾಗ ಮೇಲೆತ್ತಿ ನಿಲ್ಲಿಸುವ ಅಭ್ಯಾಸವಿದ್ದರೆ ಒಂದು ರಾತ್ರಿ ತಿರುಗಿಸಿ ನಿಲ್ಲಿಸಿಯೂ ನೋಡಬಹುದು. ‘ಎಲ್ಲೂ ಡೀಸೆಲ್ ತೊಟ್ಟಿಕ್ಕುತ್ತಿಲ್ಲ, ಹಾಗಿದ್ದಮೇಲೆ ಲೀಕ್ ಎಲ್ಲಿಂದ?’ ಎಂದು ಕೇಳುವವರಿದ್ದಾರೆ. ಈ ಗಾಡಿಯಲ್ಲಿ ಡೀಸೆಲನ್ನು ಟ್ಯಾಂಕಿನಿಂದ ಎಳೆದುಕೊಳ್ಳುವುದು ಮುಂದಿರುವ ಪಂಪೇ. ಹಾಗಾಗಿ ಪೈಪಿನಲ್ಲಿ ಹೊರಗೊತ್ತುವ ಒತ್ತಡವಿಲ್ಲ, ಒಳಗೆಳೆಯುವ ಸೆಳೆತವಿದೆ. ಸಂದು ಬಿಟ್ಟ ಜಾಗದಿಂದ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಪಂಪಿಗೆ ಸ್ವಲ್ಪ ಮೊದಲು ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಸಾಮಾನ್ಯವಾಗಿ ದೋಷ ಸಿಗುವುದು ಹ್ಯಾಂಡ್ ಪಂಪಿನ ಡಯಾಫ್ರಮ್‌ನಲ್ಲಿ, ಫಿಲ್ಟರಿನ ರಬ್ಬರ್ ರಿಂಗಿನಲ್ಲಿ, ಗಟ್ಟಿಯಾಗಿ ಬಿರಿದ ರಬ್ಬರ್ ಹೋಸ್‌ಗಳಲ್ಲಿ ಮತ್ತು ನಾಜಲ್‌ಗಳ ರಿಟರ್ನ್ ಪೈಪಿನಲ್ಲಿ. ಇಪ್ಪತ್ತು ವರ್ಷ ದಾಟಿದ ರಬ್ಬರನ್ನು ಒಂದೊಂದಾಗಿ ಅನುಮಾನಿಸುವ ಬದಲು ಒಟ್ಟಿಗೆ ಬದಲಿಸುವುದೇ ಲೇಸು.

ಬ್ಯಾಟರಿ ಹೊಸದು, ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಎಂದಿದ್ದೀರಿ. ನಂಬುತ್ತೇನೆ, ಆದರೂ ಕಿವಿಯ ಬದಲು ಮೀಟರಿನಿಂದ ಒಮ್ಮೆ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ 10ರ ಆಸುಪಾಸಿಗಿಂತ ಕೆಳಗೆ ಕುಸಿಯಬಾರದು. ಅದೇ ಹೊತ್ತಿನಲ್ಲಿ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಅಳೆದರೆ 0.3 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಹೆಚ್ಚು ಕಂಡರೆ ಅರ್ಥಿಂಗ್ ಪಟ್ಟಿ ಕೊಳೆತಿದೆ, ಮತ್ತು ಅದು ಸೆಲ್ಫಿನಿಂದಷ್ಟೇ ಅಲ್ಲ, ಹೀಟರ್ ಪ್ಲಗ್‌ಗಳಿಂದಲೂ ಕರೆಂಟನ್ನು ಕಿತ್ತುಕೊಳ್ಳುತ್ತಿರುತ್ತದೆ. ಚಳಿಗಾಲದಲ್ಲಿ 20ಡಬ್ಲ್ಯೂ-50ರಂತಹ ದಪ್ಪ ಆಯಿಲ್ ಹಾಕಿದ್ದರೆ 15ಡಬ್ಲ್ಯೂ-40ಕ್ಕೆ ಬದಲಿಸುವುದೂ ಸೆಲ್ಫ್‌ನ ಹೊರೆಯನ್ನು ತಗ್ಗಿಸುತ್ತದೆ.

ಸೀಮೆಎಣ್ಣೆಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಈ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಕೀಲೆಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ. ಇವತ್ತು ಸುಸ್ಥಿತಿಯಲ್ಲಿರುವ ಪಂಪನ್ನು ಅದು ಸವೆಸುತ್ತದೆ. ಹಿಮಾಲಯದ ಕಡೆ ಡೀಸೆಲ್ ಹೆಪ್ಪುಗಟ್ಟುವ ಚಳಿಯಲ್ಲಿ ಹುಟ್ಟಿದ ಉಪಾಯವದು. ಮೂಡಿಗೆರೆಯ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಆ ಮದ್ದಿಗೆ ಇಲ್ಲಿ ರೋಗವೇ ಇಲ್ಲ. ಪೆಟ್ರೋಲ್ ಬಟ್ಟೆ ಇನ್ನೂ ಅಪಾಯಕಾರಿ. ಕೆಂಪಗೆ ಕಾದ ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಪೆಟ್ರೋಲ್ ಅಥವಾ ಈಥರ್ ಆವಿ ಹೋದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟವಾಗಿ ರಿಂಗ್ ಒಡೆಯಬಹುದು, ಬೆಂಕಿ ಹಿಂದಕ್ಕೆ ಚಿಮ್ಮಿ ಹಿಡಿದವರ ಕೈ ಮುಖ ಸುಡಬಹುದು. ತೋಟದ ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಡಿ. ಎಂಜಿನ್ ಓಡದಿದ್ದಾಗ ಬ್ರೇಕಿಗೆ ವ್ಯಾಕ್ಯೂಮ್‌ನ ಬಲವಿರುವುದಿಲ್ಲ. ಜೊತೆಗೆ ಈ ಎಂಜಿನ್ನಿಗೆ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಇದೆ, ಹಳೆಯ ಬೆಲ್ಟ್ ಆ ಹಠಾತ್ ಎಳೆತಕ್ಕೆ ಹಲ್ಲು ಜಾರಿದರೆ ವಾಲ್ವ್‌ಗಳು ಹೋಗಬಹುದು. ಬೆಲ್ಟ್ ಬದಲಿಸಿ ಒಂದು ಲಕ್ಷ ಕಿಲೋಮೀಟರ್ ಕಳೆದಿದ್ದರೆ ಈ ಸ್ಟಾರ್ಟಿಂಗ್ ಸಮಸ್ಯೆ ಇರಲಿ ಬಿಡಲಿ, ಅದನ್ನು ಮೊದಲು ಬದಲಿಸಿ. ಕಳೆದ ಸಲ ಬೆಲ್ಟ್ ಬದಲಿಸಿದ ಮೇಲೆಯೇ ಈ ತೊಂದರೆ ಶುರುವಾದದ್ದೆಂದು ನೆನಪಿದ್ದರೆ ಅದನ್ನೂ ಮೆಕ್ಯಾನಿಕ್‌ಗೆ ಹೇಳಿ, ಟೈಮಿಂಗ್ ಗುರುತುಗಳನ್ನು ಪರೀಕ್ಷಿಸಲಿ.

ಹಾಗೆಂದು ಏನೂ ಮಾಡದೆ ಇನ್ನೊಂದು ಚಳಿಗಾಲ ತಳ್ಳುವುದೂ ಸರಿಯಲ್ಲ. ಹೊತ್ತಿಕೊಳ್ಳದ ಡೀಸೆಲ್ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದು, ರಿಂಗುಗಳ ಸಂದಿಯಿಂದ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಡೀಸೆಲ್ ವಾಸನೆ ಬರುತ್ತಿದ್ದರೆ ತಡಮಾಡದೆ ಆಯಿಲ್ ಬದಲಿಸಿ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಒಂದು ಲಕ್ಷಣದ ಬಗ್ಗೆ ಮಾತ್ರ ವಿಶೇಷವಾಗಿ ಎಚ್ಚರಿಸುತ್ತೇನೆ: ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತಿದ್ದು, ಹೊಗೆಗೆ ಡೀಸೆಲಿನ ಬದಲು ಸಿಹಿವಾಸನೆ ಇದ್ದರೆ, ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕುಬಿಟ್ಟ ಹೆಡ್‌ನಿಂದ ನೀರು ಸಿಲಿಂಡರಿಗೆ ಜಿನುಗುತ್ತಿರಬಹುದು. ನೀರು ಅದುಮಿಕೊಳ್ಳುವುದಿಲ್ಲವಾದ್ದರಿಂದ ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಆಗ ಸ್ಟಾರ್ಟ್ ಮಾಡುವ ಪ್ರಯತ್ನವನ್ನೇ ನಿಲ್ಲಿಸಬೇಕು.

ಪ್ಲಗ್‌ಗಳು, ವೋಲ್ಟೇಜ್, ಡೀಸೆಲ್ ದಾರಿ ಎಲ್ಲವೂ ಸರಿಯಿದ್ದು ತೊಂದರೆ ಉಳಿದರೆ ನಾಜಲ್‌ಗಳನ್ನು ಬಿಚ್ಚಿಸಿ ಟೆಸ್ಟರಿನ ಮೇಲೆ ಸಿಂಪರಣೆ ನೋಡಿಸಿ. ಮಂಜಿನಂತೆ ಹರಡದೆ ತೊಟ್ಟಿಕ್ಕುವ ನಾಜಲ್ ಚಳಿಯಲ್ಲಿ ಹೊತ್ತಿಸಲಾರದು. ಆಮೇಲೆ ಬರುವುದು ಕಂಪ್ರೆಷನ್ ಪರೀಕ್ಷೆ. ಬೋರ್ ಹೋಗಿದೆ ಎನ್ನುವ ಮೆಕ್ಯಾನಿಕ್‌ಗೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: ನಾಲ್ಕು ಸಿಲಿಂಡರುಗಳ ಅಂಕಿಗಳು ಎಷ್ಟು? ಹೀಟರ್ ಪ್ಲಗ್‌ನ ರಂಧ್ರಕ್ಕೆ ಡೀಸೆಲ್ ಎಂಜಿನ್ನಿನ ಗೇಜ್ ಕೂಡಿಸಿ ಅಳೆಯಬೇಕು. ಪೆಟ್ರೋಲ್ ಎಂಜಿನ್ನಿನ ಗೇಜ್ ಈ ಒತ್ತಡಕ್ಕೆ ಸಾಲದು. ಇಂಥ ಎಂಜಿನ್ ಹೊಸದಿದ್ದಾಗ 450 ಪಿಎಸ್‌ಐ ಆಸುಪಾಸು ತೋರಿಸುತ್ತದೆ. 300ರ ಹತ್ತಿರಕ್ಕೆ ಇಳಿದರೆ, ಇಲ್ಲವೇ ಸಿಲಿಂಡರುಗಳ ನಡುವೆ 70ಕ್ಕಿಂತ ಹೆಚ್ಚು ಅಂತರವಿದ್ದರೆ ಚಿಂತಿಸಬೇಕು. ಅಂಕಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಏರಿದರೆ ರಿಂಗ್ ಮತ್ತು ಬೋರ್ ಸವೆದಿವೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇದಕ್ಕೂ ಮೊದಲು ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅಳೆಸಿರಬೇಕು. ಲಕ್ಷಾಂತರ ಕಿಲೋಮೀಟರ್ ಓಡಿದ ಎಂಜಿನ್ನಿನಲ್ಲಿ ವಾಲ್ವ್‌ಗಳು ಸೀಟಿನೊಳಗೆ ಕುಳಿತು ಸಂದು ಕಿರಿದಾಗಿ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಅದನ್ನು ಸರಿಪಡಿಸುವುದು ಒಂದು ದಿನದ ಕೆಲಸ. ಅದನ್ನು ನೋಡದೆ ಎಂಜಿನ್ ಇಳಿಸಿದವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ಎಂಜಿನ್ ಘಾಟಿ ಹತ್ತುವ ಶಕ್ತಿ ಉಳಿಸಿಕೊಂಡಿದೆ, ಆಯಿಲ್ ಕುಡಿಯುತ್ತಿಲ್ಲ. ಇವೆರಡೂ ಬೋರ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷ್ಯಗಳು, ಆದರೆ ಕೊನೆಯ ಮಾತಲ್ಲ. ಓಡುವ ವೇಗದಲ್ಲಿ ಮುಚ್ಚಿಹೋಗುವ ಸೋರಿಕೆ ಸೆಲ್ಫ್‌ನ ನಿಧಾನಗತಿಯಲ್ಲಿ ಬಯಲಾಗಬಹುದು. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳವನ್ನು ಸಡಿಲಿಸಿ ಮೇಲಿಟ್ಟು ನೋಡಿ. ಸ್ವಲ್ಪ ಅಲುಗಿದರೆ ಸಹಜ, ಹೊಗೆಯ ಒತ್ತಡಕ್ಕೆ ಕುಣಿದು ಬಿದ್ದರೆ ಅನುಮಾನ ಗಟ್ಟಿ.

ಇದೇ ತೊಂದರೆಯಿರುವ ಇನ್ನೋವಾ, ಸ್ವಿಫ್ಟ್ ಡೀಸೆಲ್‌ನಂತಹ ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಅತಿ ಒತ್ತಡದ ಡೀಸೆಲ್ ಕೊಡುವ) ಗಾಡಿಗಳವರಿಗೆ ಒಂದು ಎಚ್ಚರಿಕೆ. ಅಲ್ಲಿ ನಾಜಲ್ ಪೈಪಿನ ನಟ್ ಸಡಿಲಿಸಿ ನೋಡುವ ಹಳೆಯ ಪದ್ಧತಿ ಸಲ್ಲದು. ಆ ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ಒಳನುಗ್ಗುತ್ತದೆ. ಆ ಗಾಡಿಗಳನ್ನು ಸ್ಕ್ಯಾನರಿನಲ್ಲಿ ರೈಲ್ ಪ್ರೆಷರ್ ನೋಡಿ, ಇಂಜೆಕ್ಟರುಗಳ ರಿಟರ್ನ್ ಪ್ರಮಾಣ ಅಳೆದು ಪರೀಕ್ಷಿಸಬೇಕು.

ಕಂಪ್ರೆಷನ್ ನಿಜವಾಗಿಯೂ ಇಳಿದಿದ್ದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ದೋಷ ವಾಲ್ವ್‌ನಲ್ಲಿದ್ದರೆ ಹೆಡ್ ಕೆಲಸವಷ್ಟೇ ಸಾಕು, ಆದರೆ ಹೆಡ್ ಬಿರುಕುಬಿಟ್ಟಿಲ್ಲವೆಂದು ಪ್ರೆಷರ್ ಟೆಸ್ಟ್ ಮಾಡಿಸಿಯೇ ಹಣ ಹಾಕಿ. ಬೋರ್ ಸವೆದಿದ್ದರೆ, ಅಳತೆಯನ್ನೇ ನೋಡದೆ ರಿಂಗ್ ಮಾತ್ರ ಬದಲಿಸುವ ಅಗ್ಗದ ಕೆಲಸ ಹೆಚ್ಚು ಕಾಲ ನಿಲ್ಲುವುದಿಲ್ಲ. ಮಾಡಿಸುವುದಾದರೆ ಪೂರ್ತಿ ಮಾಡಿಸಿ, ಬಿಲ್ಲಿನ ಜೊತೆ ಹಳೆಯ ಭಾಗಗಳನ್ನೂ ಪಡೆಯಿರಿ. ಮೂರನೆಯದು ಮಾರಾಟ. ಅದನ್ನು ನಿರ್ಧರಿಸುವಾಗ ಎಂಜಿನ್‌ಗಿಂತ ಹೆಚ್ಚಾಗಿ ಚಾಸಿಯನ್ನು ನೋಡಿ ಎಂದು ನಾನು ಹೇಳುತ್ತೇನೆ. ಮಲೆನಾಡಿನ ಮಳೆಗೆ ಚಾಸಿ ಮತ್ತು ತಳದ ತಗಡು ತುಕ್ಕು ತಿಂದಿದ್ದರೆ ಎಂಜಿನ್ನಿಗೆ ಲಕ್ಷ ಸುರಿಯುವುದರಲ್ಲಿ ಅರ್ಥವಿಲ್ಲ. ಖಾಸಗಿ ವಾಹನದ ನೋಂದಣಿಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾದ್ದರಿಂದ, ನಿಮ್ಮ ಆರ್‌ಸಿಯಲ್ಲಿ ಎಷ್ಟು ಅವಧಿ ಉಳಿದಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಾಸಿ ಗಟ್ಟಿಯಾಗಿದ್ದರೆ ಈ ಗಾಡಿಯನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗದ ಸ್ಥಿತಿಯಲ್ಲೇ ಮಾರಿದರೆ ಕೊಳ್ಳುವವರು ಬೋರ್ ಕೆಲಸದ ಖರ್ಚನ್ನು ಕಳೆದೇ ಬೆಲೆ ಕಟ್ಟುತ್ತಾರೆ, ದೋಷ ಹೀಟರ್ ಪ್ಲಗ್‌ನದ್ದಾಗಿದ್ದರೂ ಸಹ.

ಮೊದಲ ಸೆಲ್ಫ್‌ನ ಹೊಗೆ, ಮಧ್ಯಾಹ್ನದ ಸ್ಟಾರ್ಟ್, ಪ್ಲಗ್‌ಗಳ ಟೆಸ್ಟ್ ಲ್ಯಾಂಪ್, ಇವು ಮೂರನ್ನೂ ಇದೇ ವಾರ ಮುಗಿಸಿ, ಕಂಡದ್ದನ್ನು ಬರೆದು ಕಳುಹಿಸಿ. ಕಂಪ್ರೆಷನ್ ಅಳೆಸಿದ್ದರೆ ನಾಲ್ಕೂ ಅಂಕಿಗಳನ್ನು, ಆಯಿಲ್ ಬಿಟ್ಟ ನಂತರದ ಅಂಕಿಗಳ ಜೊತೆ ಸೇರಿಸಿ. ಅಲ್ಲಿಯವರೆಗೆ ಎಂಜಿನ್ ಇಳಿಸಲು ಮುಂಗಡ ಕೊಡಬೇಡಿ.